ವಾಟರ್ ಮೇಜ್ ಮತ್ತು ಬಾರ್ನ್ಸ್ ಮೇಜ್: ಎರಡನ್ನೂ ನಡೆಸಿ ನೋಡಿದ ಮೇಲೆ

ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿ, ಹಿಪೊಕ್ಯಾಂಪಸ್ (ನೆನಪಿಗೆ ಮುಖ್ಯವಾದ ಮೆದುಳಿನ ಭಾಗ) ಅವಲಂಬಿತ ಸ್ಥಳಸ್ಮರಣೆಯನ್ನು ಮೌಸ್‌ಗಳಲ್ಲಿ, ಅಂದರೆ ಸಣ್ಣ ಇಲಿಗಳಲ್ಲಿ, ಅಳೆಯಲು ಈ ಎರಡೂ ಮೇಜ್ (ದಾರಿ ಹುಡುಕುವ) ಪರೀಕ್ಷೆಗಳನ್ನು ನಾನೇ ನಡೆಸಿದೆ. ನರವಿಜ್ಞಾನಿಗಳಾದ ಕ್ಯಾರಲ್ ಬಾರ್ನ್ಸ್ 1979ರಲ್ಲಿ, ರಿಚರ್ಡ್ ಮಾರಿಸ್ 1981ರಲ್ಲಿ ಇವನ್ನು ಪ್ರಕಟಿಸಿದ್ದು ರ್ಯಾಟ್‌ಗಳ, ಅಂದರೆ ದೊಡ್ಡ ಇಲಿಗಳ, ಮೇಲಿನ ಪ್ರಯೋಗಗಳಿಂದ. ಅದನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ನನ್ನ ತೊಂದರೆಗಳಲ್ಲಿ ಅರ್ಧ ಅಲ್ಲಿಂದಲೇ ಬಂದವು.

ಮಾರಿಸ್ ಅವರ ವಾಟರ್ ಮೇಜ್‌ನಲ್ಲಿ, ಬಿಳಿ ಬಣ್ಣ ಕಲಸಿ ಮಬ್ಬಾಗಿಸಿದ ನೀರಿನಡಿ ಅಡಗಿರುವ ಪುಟ್ಟ ಕಟ್ಟೆಯನ್ನು ಪ್ರಾಣಿಯು ಕೋಣೆಯ ಗೋಡೆಯ ಗುರುತುಗಳ ಆಧಾರದಿಂದ ಹುಡುಕಬೇಕು. ಕೊನೆಗೆ ಕಟ್ಟೆಯನ್ನು ತೆಗೆದು 60 ಸೆಕೆಂಡು ಈಜಲು ಬಿಟ್ಟಾಗ ಅದು ಹಳೆಯ ಜಾಗದಲ್ಲೇ ಸುತ್ತಿದರೆ ನೆನಪಿಗೆ ಅಷ್ಟು ಸಾಕ್ಷಿ ಸಾಕು. ಆದರೆ ಮೌಸ್ ರ್ಯಾಟ್‌ನಷ್ಟು ಒಳ್ಳೆಯ ಈಜುಗಾರನಲ್ಲ. ನನ್ನವುಗಳಲ್ಲಿ ಕೆಲವು ಸುಮ್ಮನೆ ತೇಲಿದವು, ಕೆಲವು ಕೊಳದ ಅಂಚಿಗೇ ಒತ್ತಿಕೊಂಡು ಸುತ್ತು ಹಾಕಿದವು. ಪ್ರಾಣಿಯ ಜಾಡು ಹಿಡಿಯುವ ತಂತ್ರಾಂಶವು ಇದನ್ನೂ ಮರೆವನ್ನೂ ಒಂದೇ ಅಂಕಿಯಾಗಿ ಬರೆದುಕೊಡುತ್ತದೆ.

ಬಾರ್ನ್ಸ್ ಮೇಜ್ ಎನ್ನುವುದು ಕನ್ನಡದ ಅರ್ಥದಲ್ಲೂ ಮೇಜೇ: ಅಂಚಿನಲ್ಲಿ 20 ರಂಧ್ರಗಳು, ಅವುಗಳಲ್ಲಿ ಒಂದರ ಕೆಳಗೆ ಮಾತ್ರ ಕತ್ತಲೆಯ ಪೆಟ್ಟಿಗೆ, ಮೇಲಿನಿಂದ ಪ್ರಖರ ಬೆಳಕು. ಬೆಳಕಿನಿಂದ ತಪ್ಪಿಸಿಕೊಳ್ಳಲು ಪ್ರಾಣಿಯು ಆ ಪೆಟ್ಟಿಗೆಯನ್ನು ಹುಡುಕಬೇಕು. ನೀರಿನ ಒತ್ತಡವಿಲ್ಲ, ಪ್ರಾಣಿಯನ್ನು ಒರೆಸಿ ಬೆಚ್ಚಗಿಡುವ ಕೆಲಸವೂ ಇಲ್ಲ. ಆದರೆ ಆತುರವೂ ಇಲ್ಲ. ಸರಿಯಾದ ರಂಧ್ರಕ್ಕೆ ಇಣುಕಿದ ಮೌಸ್ ಒಳಗಿಳಿಯದೆ ಮತ್ತೆ ವಿಹಾರಕ್ಕೆ ಹೊರಡುತ್ತದೆ. ಆದ್ದರಿಂದ ಒಳಗಿಳಿದ ಸಮಯವನ್ನು ಬಿಟ್ಟು, ಮೊದಲ ಬಾರಿ ಇಣುಕುವವರೆಗಿನ ಸಮಯವನ್ನೂ ತಪ್ಪುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಸರದಿಯ ನಂತರ ಆಲ್ಕೋಹಾಲಿನಿಂದ ಒರೆಸಿ, ಪೆಟ್ಟಿಗೆಯ ದಿಕ್ಕನ್ನು ಬದಲಿಸದೆ ಹಲಗೆಯನ್ನಷ್ಟೇ ತಿರುಗಿಸಬೇಕು. ಮೊದಲ ತಂಡದಲ್ಲಿ ಹಲಗೆ ತಿರುಗಿಸುವುದನ್ನು ಮರೆತು, ವಾಸನೆ ಹಿಡಿದು ಹೋದ ಪ್ರಾಣಿಗಳ ಅಂದವಾದ ಅಂಕಿಗಳನ್ನು ಮೂರು ದಿನ ಸಂಭ್ರಮದಿಂದ ಸಂಗ್ರಹಿಸಿ, ಕೊನೆಗೆ ಎಲ್ಲವನ್ನೂ ಕೈಬಿಟ್ಟೆ. ಇನ್ನೊಂದು ಮೋಸವಿದೆ: ರಂಧ್ರದಿಂದ ಪಕ್ಕದ ರಂಧ್ರಕ್ಕೆ ಸಾಲಾಗಿ ನಡೆಯುವ ಮೌಸ್, ಏನನ್ನೂ ನೆನಪಿಟ್ಟುಕೊಳ್ಳದೆಯೂ ಬೇಗ ಗುರಿ ಮುಟ್ಟಬಲ್ಲದು. ಅದನ್ನು ಕಂಡುಹಿಡಿಯಲು ವಿಡಿಯೊಗಳನ್ನು ಒಂದೊಂದಾಗಿ ನೋಡಿದೆ. ಪ್ರಾಣಿಯ ನಡತೆಯನ್ನು ಗಮನಿಸುವುದನ್ನು ನಾನು ಕಲಿತದ್ದು ಆಗಲೇ.

ಹೊಸ ವಿದ್ಯಾರ್ಥಿಗೆ, ಮತ್ತು ಮುದಿ ಪ್ರಾಣಿಗಳ ಅಧ್ಯಯನಕ್ಕೆ, ನಾನು ಬಾರ್ನ್ಸ್ ಅನ್ನೇ ಹೇಳುತ್ತೇನೆ. ಎಳೆಯ, ಆರೋಗ್ಯವಂತ ಪ್ರಾಣಿಗಳಿದ್ದು ಸ್ಪಷ್ಟ ಉತ್ತರ ಬೇಕಾದರೆ ನೀರೇ ಮೇಲು. ಸಿ3ಎಚ್‌ನಂತೆ ಅಕ್ಷಿಪಟಲ ನಶಿಸುವ ತಳಿಗಳಿಗೆ ಎರಡೂ ವ್ಯರ್ಥ, ಗುರುತುಗಳೇ ಅವಕ್ಕೆ ಕಾಣಿಸುವುದಿಲ್ಲ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಸಲ್ಲಿಸಿದ ಅರ್ಜಿಯಲ್ಲಿ ಎರಡೂ ಪರೀಕ್ಷೆಗಳನ್ನು ಮೊದಲೇ ಬರೆದಿಟ್ಟಿದ್ದರಿಂದ, ಹೊಸ ಅನುಮತಿಗೆ ಕಾಯದೆ ಕೊಳದಿಂದ ಮೇಜಿಗೆ ಬರುವುದು ನನಗೆ ಸಾಧ್ಯವಾಯಿತು.