ಎಂಪ್ಟಿ ಹೊರಗೆ ಬರ್ತಿಲ್ವಾ? ಬ್ರಷ್, ಸ್ಪ್ರಿಂಗ್, ಅಮ್ಮೋ ಮೂರನ್ನೂ ಟ್ರೈ ಮಾಡಿ ನೋಡಿದ್ದು

ಶೂಟಿಂಗ್ ರೇಂಜಲ್ಲಿ ಯಾರದ್ದಾದ್ರೂ ಪಾಯಿಂಟ್ ಟೂಟೂ (.22) ರೈಫಲ್‌ನಲ್ಲಿ ಎಂಪ್ಟಿ (ಗುಂಡು ಹೊಡೆದ ಮೇಲೆ ಉಳಿಯೋ ಖಾಲಿ ಕೇಸ್) ಸಿಕ್ಕಾಕೊಂಡ್ರೆ ಸಾಕು, ಸುತ್ತ ನಾಲ್ಕು ಜನ ಸೇರ್ತಾರೆ, ನಾಲ್ಕು ಔಷಧಿ ಹೇಳ್ತಾರೆ. ಒಬ್ರು ಚೇಂಬರ್ (ಬ್ಯಾರಲ್ ಹಿಂದುಗಡೆ ರೌಂಡ್ ಕೂರೋ ಜಾಗ) ಕ್ಲೀನ್ ಮಾಡು ಅಂತಾರೆ, ಇನ್ನೊಬ್ರು ಸ್ಪ್ರಿಂಗ್ ಹೋಗಿದೆ ಅಂತಾರೆ, ಮತ್ತೊಬ್ರು ಅಮ್ಮೋನೇ (ಗುಂಡುಗಳೇ) ಸರಿ ಇಲ್ಲ ಬೇರೆ ತಗೋ ಅಂತಾರೆ, ಆಮೇಲೆ ಒಬ್ರು ಅಂಕಲ್ ಯಾವಾಗ್ಲೂ ಇದ್ದೇ ಇರ್ತಾರೆ, "ಬೋಲ್ಟ್ ಜೋರಾಗಿ ಎಳಿಯಪ್ಪಾ, ಏನ್ ಹೆದರ್ತೀಯ" ಅಂತ. ನನ್ನ ಹಳೇ ಸಿಂಗಲ್ ಶಾಟ್ ಬೋಲ್ಟ್ ಆಕ್ಷನ್ ರೈಫಲ್ (ಒಂದೊಂದೇ ರೌಂಡ್ ಹಾಕಿ, ಬೋಲ್ಟ್ ಅನ್ನೋ ಉಕ್ಕಿನ ಅಗುಳಿನ ಕೈಯಲ್ಲೇ ಹಿಂದೆಮುಂದೆ ಎಳೆಯೋದು) ಹೋದ ಮಳೆಗಾಲದಿಂದ ಈ ಕಾಟ ಕೊಡ್ತಿತ್ತು, ಹಾಗಾಗಿ ಇವೆಲ್ಲಾನೂ ಒಂದೊಂದಾಗಿ ಮಾಡಿ ನೋಡ್ದೆ, ಒಂದು ಸಲಕ್ಕೆ ಒಂದೇ ಬದಲಾವಣೆ, ಬೇರೆ ಏನೂ ಮುಟ್ಟಲ್ಲ ಅಂತ ಹಠ ಹಿಡ್ಕೊಂಡು. ಎರಡು ಮೂರು ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಸರಿ ಹೋಯ್ತು ಅಂತ ದೇವ್ರಿಗೇ ಗೊತ್ತು.

ಮೊದ್ಲು ಕಂಪ್ಲೇಂಟ್ ಏನು ಅಂತ ಬಿಡಿಸ್ಕೊಳ್ಳಿ. ಎಲ್ರೂ "ಇಜೆಕ್ಟ್ ಆಗ್ತಿಲ್ಲ" ಅಂತಾನೇ ಹೇಳೋದು, ಆದ್ರೆ ಅದ್ರಲ್ಲಿ ಎರಡು ಬೇರೆ ಬೇರೆ ರೋಗ ಇದೆ. ಬೋಲ್ಟ್ ಹಿಂದೆ ಬಂತು, ಎಂಪ್ಟಿ ಚೇಂಬರ್ ಒಳಗೇ ಕೂತಿದೆ ಅಂದ್ರೆ ಎಕ್ಸ್‌ಟ್ರಾಕ್ಟರ್ (ಬೋಲ್ಟ್ ಮುಖದಲ್ಲಿರೋ ಕೊಕ್ಕೆ) ಅದನ್ನ ಎಳೆದಿಲ್ಲ. ಎಂಪ್ಟಿ ಚೇಂಬರ್‌ನಿಂದ ಆಚೆ ಬಂದು ಲೋಡಿಂಗ್ ಟ್ರೇ (ಚೇಂಬರ್ ಹಿಂದೆ ರೌಂಡ್ ಇಡೋ ಜಾಗ) ಮೇಲೆ ಬಿದ್ಕೊಂಡಿದೆ, ಆಚೆ ಹಾರಿಲ್ಲ ಅಂದ್ರೆ ಆವಾಗ ಇಜೆಕ್ಟರ್ (ಎಂಪ್ಟಿನ ಆಚೆ ಹಾರಿಸೋ ಭಾಗ) ಕಡೆ ನೋಡ್ಬೇಕು. ಅಲ್ಲೂ ಒಂದು ತಿರುವು ಇದೆ. ಬೋಲ್ಟ್ ಹಿಂದೆ ಬರೋ ಕೊನೇಲಿ ರಿಮ್‌ನ (ಕೇಸ್ ಹಿಂಬದಿಯ ಚಾಚಿದ ಅಂಚು) ಒಂದು ಕಡೆ ಇಜೆಕ್ಟರ್ ತಗುಲತ್ತೆ, ಇನ್ನೊಂದು ಕಡೆ ಎಕ್ಸ್‌ಟ್ರಾಕ್ಟರ್‌ನ ಕೊಕ್ಕೆ ಬಿಗಿಯಾಗಿ ಹಿಡ್ಕೊಂಡಿರತ್ತೆ, ಅದಕ್ಕೇ ಕೇಸ್ ತಿರುಗಿ ಆಚೆ ಹಾರೋದು. ಕೊಕ್ಕೆ ಸಡಿಲ ಇದ್ರೆ ಇಜೆಕ್ಟರ್ ಹತ್ರ ಬರೋಕೆ ಮೊದ್ಲೇ ಕೇಸ್ ತಲೆ ಬಗ್ಗಿಸ್ಕೊಂಡು ಬೀಳತ್ತೆ. ಅಂದ್ರೆ ಇಜೆಕ್ಟರ್ ಚೆನ್ನಾಗೇ ಇದ್ರೂ ಬೈಗುಳ ಅದಕ್ಕೇ.

ಇದನ್ನ ಕಂಡು ಹಿಡಿಯೋಕೆ ದುಡ್ಡು ಖರ್ಚಿಲ್ಲದ ಟೆಸ್ಟ್ ಒಂದಿದೆ. ರೈಫಲ್ ಖಾಲಿ ಅಂತ ಗ್ಯಾರಂಟಿ ಮಾಡ್ಕೊಂಡು ಬೋಲ್ಟ್ ಆಚೆ ತೆಗೀರಿ, ಒಂದು ಎಂಪ್ಟಿನ ಬೋಲ್ಟ್ ಮುಖಕ್ಕೆ ಕೊಕ್ಕೆಗಳ ಕೆಳಗೆ ಸರಿಸಿ ಕೂರಿಸಿ, ಬೋಲ್ಟ್ ಅಡ್ಡ ಹಿಡ್ದು ಮೆಲ್ಲಗೆ ಅಲ್ಲಾಡ್ಸಿ. ಕೇಸ್ ನೇರ ನಿಂತಿರ್ಬೇಕು. ನನ್ನದ್ರಲ್ಲಿ ಮೂತಿ ಕೆಳಗೆ ಹಾಕ್ಕೊಂಡು ಜೋತಾಡ್ತಿತ್ತು, ಸ್ವಲ್ಪ ಜೋರಾಗಿ ಅಲ್ಲಾಡಿಸಿದ್ರೆ ಟೇಬಲ್ ಮೇಲೆ ಟಣ್ ಅಂತ ಬಿತ್ತು. ಆಮೇಲೆ ಸಿಕ್ಕಾಕೊಂಡಿದ್ದ ಎಂಪ್ಟಿಗಳ ರಿಮ್‌ನ ವಾಚ್ ರಿಪೇರಿಯವ್ರ ಲೂಪ್‌ನಲ್ಲಿ ನೋಡ್ದೆ (ಬೆಂಗ್ಳೂರಿನ ಎಸ್.ಪಿ. ರೋಡಲ್ಲಿ ತಗೊಂಡಿದ್ದು, ಈ ಹವ್ಯಾಸಕ್ಕೆ ಇದಕ್ಕಿಂತ ಉಪಯೋಗದ ಸಾಮಾನು ಇಲ್ಲ). ರಿಮ್ ದಪ್ಪ ಇರೋದೇ ಸುಮಾರು 1 ಮಿಲಿಮೀಟರ್, ಅದರ ಮುಂದಿನ ಅಂಚಲ್ಲಿ ಹಿತ್ತಾಳೆ ಹೊಳೆಯೋ ಹಾಗೆ ಸಣ್ಣ ಗೀರು ಇತ್ತು, ಅಂದ್ರೆ ಕೊಕ್ಕೆ ಹಿಡ್ದಿದೆ, ಎಳೆದಿದೆ, ಜಾರಿದೆ. ಗೀರೇ ಇಲ್ಲ ಅಂದ್ರೆ ಕೊಕ್ಕೆ ರಿಮ್ಮನ್ನ ಹತ್ತೇ ಇಲ್ಲ ಅಂತ ಅರ್ಥ, ಆವಾಗ ಕೊಕ್ಕೆ ಕೆಳಗೆ ಕಸ ಇದೆಯಾ ನೋಡಿ.

ಇನ್ನೊಂದು, ಹೊಡೀದೇ ಇರೋ ಲೈವ್ ರೌಂಡ್ ವಾಪಸ್ ತೆಗೆಯೋವಾಗ ಬಿಗಿ ಅನ್ಸಿದ್ರೆ ಗಾಬರಿ ಬೇಡ. ಸ್ಪರ್ಧೆಗೆ ಅಂತ ಬಿಗಿಯಾಗಿ ಮಾಡಿರೋ ಮ್ಯಾಚ್ ಚೇಂಬರ್‌ನಲ್ಲಿ ಬುಲೆಟ್ ರೈಫ್ಲಿಂಗ್‌ಗೆ (ಬ್ಯಾರಲ್ ಒಳಗಿನ ಸುರುಳಿ ಗೆರೆಗಳಿಗೆ) ಸ್ವಲ್ಪ ಕಚ್ಕೊಂಡೇ ಕೂರೋದು, ಅದು ಕಾಯಿಲೆ ಅಲ್ಲ. ಹೊಡೆದ ಮೇಲಿನ ಎಂಪ್ಟಿ ಹೇಗೆ ಬರತ್ತೆ ಅದನ್ನ ಮಾತ್ರ ನೋಡಿ.

ಈಗ ಬ್ರಷ್. ಮೊದ್ಲು ಮಾಮೂಲಿಯಾಗಿ ಎಲ್ರೂ ಮಾಡೋ ಹಾಗೆ ಫೆಲ್ಟ್ ಪೆಲೆಟ್ (ಬ್ಯಾರಲ್ ಒರೆಸೋ ಸಣ್ಣ ಉಣ್ಣೆ ತುಂಡು) ಹಾಕಿ ತಳ್ಳಿದ್ದೆ, ಬಿಳೀ ಆಗೋವರ್ಗೂ. ಬ್ಯಾರಲ್ ಕ್ಲೀನ್, ಸಮಸ್ಯೆ ಹಾಗೇ ಇತ್ತು. ಯಾಕಂದ್ರೆ ಫೆಲ್ಟು ಮೆತ್ತಗಿನ ಮಸೀನ ಎತ್ತತ್ತೆ, ಚೇಂಬರ್ ಗೋಡೆಗೆ, ಅದ್ರಲ್ಲೂ ಕೇಸಿನ ಬಾಯಿ ಮುಗಿಯೋ ಜಾಗದಲ್ಲಿ (ಕೇಸ್ ಉದ್ದ 15.6 ಮಿಲಿಮೀಟರ್ ಹತ್ರ, ಅಲ್ಲಿಂದ ಮುಂದೆ) ಕಟ್ಟೋ ಕಾರ್ಬನ್ ರಿಂಗನ್ನ ಅಲ್ಲ. ಕಾರ್ಬನ್ನು, ಸೀಸ, ಬುಲೆಟ್ ಮೇಲಿನ ಮೇಣ, ಕಿಡಿ ಹತ್ತಿಸೋ ಪ್ರೈಮರ್ ಪುಡೀಲಿರೋ ಗಾಜಿನ ಕಣ ಎಲ್ಲಾ ಸೇರಿ ಹಾಲು ಸೀದ ಪಾತ್ರೆ ತಳದ ಥರ ಗಟ್ಟಿ ಆಗಿರತ್ತೆ. ಅದಕ್ಕೆ ಸಾಲ್ವೆಂಟ್ ಹಾಕಿ ನೆನೆಸ್ಬೇಕು, ಆಮೇಲೆ ಬ್ರಾಂಜ್ ಬ್ರಷ್. ನಾನು ಸಣ್ಣ ಚೇಂಬರ್ ಬ್ರಷ್ ಹಿಂದಿನಿಂದ ಹಾಕಿ ಕೈಯಲ್ಲೇ ತಿರುಗಿಸ್ದೆ, ಬ್ಯಾರಲ್ ಒಳಗೆ ಹೋಗೋಕೆ ಬಿಟ್ಟಿಲ್ಲ, ರೈಫ್ಲಿಂಗ್ ಮಧ್ಯೆ ಬ್ರಷ್ ಹಿಂದೆಮುಂದೆ ಆಡ್ಸೋದು ಬೇಡ. ಸಾಲ್ವೆಂಟ್‌ನಲ್ಲಿ ಎರಡು ಥರ ನೋಡ್ದೆ. ಗನ್ನಿಗೆ ಅಂತಾನೇ ಬರೋದು ನಿಧಾನ, ರಾತ್ರಿ ಬಿಟ್ಟು ಬೆಳಗ್ಗೆ ಉಜ್ಜಿದ್ರೆ ಕಪ್ಪು ಕಪ್ಪಾಗಿ ಬರತ್ತೆ. ಜೆ.ಸಿ. ರೋಡಲ್ಲಿ ಸಿಗೋ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಬೇಗ ಕೆಲ್ಸ ಮಾಡತ್ತೆ, ಅಗ್ಗ ಕೂಡ, ಆದ್ರೆ ಎರಡು ನಿಮಿಷಕ್ಕೆ ಆರಿ ಹೋಗತ್ತೆ ಹಾಗೂ ಸ್ಟಾಕಿನ ವಾರ್ನಿಶ್ ಮೇಲೆ ಒಂದು ಹನಿ ಬಿದ್ರೆ ಕಲೆ ಗ್ಯಾರಂಟಿ, ಹಾಗಾಗಿ ನನ್ನ ಓಟು ನಿಧಾನದ್ದಕ್ಕೇ. ಯಾವುದೇ ಹಾಕಿದ್ರೂ ಕೊನೇಲಿ ಒಣ ಪ್ಯಾಚ್ (ಬಟ್ಟೆ ತುಂಡು) ಹಾಕಿ ಚೇಂಬರ್ ಒಣಗಿಸಿ, ಎಣ್ಣೆ ಬಿಟ್ರೆ ಫೈರ್ ಆದಾಗ ಬೋಲ್ಟ್ ಮೇಲೆ ಒತ್ತಡ ಜಾಸ್ತಿ ಬೀಳತ್ತೆ.

ಕೊಕ್ಕೆ ಕೆಳಗಿನ ಕಸಕ್ಕೆ ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿ ಬೆಸ್ಟ್, ಚೂಪು ಮಾಡ್ಕೊಂಡು ಕೆರೀಬಹುದು, ಉಕ್ಕಿಗೆ ಗೀರು ಬೀಳಲ್ಲ. ಅಲ್ಲಿಂದ ಬಂದಿದ್ದು ನೋಡಿ ನಂಗೇ ಆಶ್ಚರ್ಯ, ಮೇಣ ಮಸಿ ಸೇರಿದ ಕರೀ ಪೇಸ್ಟು, ಅದ್ರೊಳಗೆ ಅಕ್ಕಿ ನುಚ್ಚಿಗಿಂತ ಸಣ್ಣದಾದ ಹಿತ್ತಾಳೆ ಚೂರುಗಳು. ಇಷ್ಟು ಮಾಡಿದ್ಮೇಲೆ ಚೇಂಬರ್‌ನಲ್ಲೇ ಉಳಿಯೋದು ಪೂರ್ತಿ ನಿಂತೋಯ್ತು. ಟ್ರೇ ಮೇಲೆ ಬಿದ್ಕೊಳ್ಳೋದು ಮಾತ್ರ ಕಮ್ಮಿ ಆಯ್ತು, ನಿಲ್ಲಲಿಲ್ಲ. ಖರ್ಚು ಲೆಕ್ಕದಲ್ಲಿ ನೋಡಿದ್ರೆ ಇದನ್ನ ಯಾವುದೂ ಮೀರ್ಸಲ್ಲ.

ಸ್ಪ್ರಿಂಗ್ ವಿಷ್ಯಕ್ಕೆ ಬರೋಣ. ಕೆಲವು ರೈಫಲ್‌ನಲ್ಲಿ ಕೊಕ್ಕೆ ಹಿಂದೆ ಪುಟ್ಟ ಕಾಯಿಲ್ ಸ್ಪ್ರಿಂಗ್ ಇರತ್ತೆ, ನನ್ನದ್ರಲ್ಲಿ ಬೋಲ್ಟ್ ತಲೆ ಸುತ್ತ ಸಿ ಆಕಾರದ ಕ್ಲಿಪ್, ಅದೇ ಎರಡೂ ಕಡೆ ಕೊಕ್ಕೆನ ಒತ್ತಿ ಹಿಡಿಯೋದು. ಕ್ಲೀನ್ ಮಾಡೋಕೆ ಅಂತ ಪದೇ ಪದೇ ಅಗಲಿಸಿ ತೆಗೆದ್ರೆ ಅದರ ಬಿಗಿ ಹೋಗತ್ತೆ, ಸೆಕೆಂಡ್ ಹ್ಯಾಂಡ್ ರೈಫಲ್ ಅಂದ್ರೆ ಹಿಂದಿನವ್ರು ಎಷ್ಟು ಸಲ ತೆಗ್ದಿದಾರೋ ಯಾರಿಗೆ ಗೊತ್ತು. 1959ರ ಆರ್ಮ್ಸ್ ಆಕ್ಟ್ ಪ್ರಕಾರ ರಿಪೇರಿ ಅಂಗಡಿಗೂ ಲೈಸೆನ್ಸ್ ಬೇಕು, ಹಾಗಾಗಿ ಪೀಣ್ಯದಲ್ಲಿ ಯಾರೋ ಫ್ರೆಂಡ್ ವರ್ಕ್‌ಶಾಪ್ ಇದೆ ಅಂತ ಬೋಲ್ಟ್ ಎತ್ಕೊಂಡು ಹೋಗೋ ಐಡಿಯಾ ಬಿಡಿ, ಲೈಸೆನ್ಸ್ ಇರೋ ಆರ್ಮರರ್ (ಬಂದೂಕು ರಿಪೇರಿಯವ್ರು) ಹತ್ರಾನೇ ಕೊಡಿ. ಅವ್ರು ಬೋಲ್ಟನ್ನ ದೊಡ್ಡ ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಬಿಚ್ಚಿದ್ರು, ಕ್ಲಿಪ್ ಪಟ್ ಅಂತ ಹಾರಿ ಕವರ್‌ಗೆ ಬಡೀತು, ಇಲ್ದಿದ್ರೆ ಇಡೀ ದಿನ ನೆಲ ಗುಡಿಸ್ಬೇಕಿತ್ತು. ಹಳೇ ಕೊಕ್ಕೆ ಮತ್ತೆ ಹೊಸದನ್ನ ಪಕ್ಕಪಕ್ಕ ಇಟ್ಟು ಲೂಪ್‌ನಲ್ಲಿ ತೋರ್ಸಿದ್ರು, ಹೊಸದ್ರ ತುದಿ ಚೂಪಾಗಿ ಒಳಗೆ ಬಾಗಿದೆ, ಹಳೇದು ಮೊಂಡಾಗಿ ಉರುಟಾಗಿತ್ತು. "ಇದನ್ನ ಫೈಲ್ ಹಾಕಿ ಚೂಪು ಮಾಡ್ಬಹುದಲ್ವಾ ಅಣ್ಣ" ಅಂತ ಕೇಳ್ದೆ, "ಒಂದು ತಿಂಗ್ಳು ಓಡತ್ತೆ, ಆಮೇಲೆ ಕೊಕ್ಕೆ ಗಿಡ್ಡ ಆಗಿ ರಿಮ್ಮೇ ಸಿಗಲ್ಲ, ನೀವೇ ನೋಡಿ" ಅಂದ್ರು.

ಹೊಸ ಕೊಕ್ಕೆ ಹೊಸ ಕ್ಲಿಪ್ ಹಾಕಿದ್ಮೇಲೆ ಆ ಟೇಬಲ್ ಟೆಸ್ಟ್‌ನಲ್ಲಿ ಕೇಸ್ ಅಲ್ಲಾಡ್ಲೇ ಇಲ್ಲ, ರೇಂಜಲ್ಲಿ ಎಂಪ್ಟಿಗಳೆಲ್ಲಾ ಬಲಗಡೆ ಮ್ಯಾಟಿನ ಅಂಚಲ್ಲಿ ಒಂದೇ ಜಾಗಕ್ಕೆ ಬೀಳೋಕೆ ಶುರು ಆಯ್ತು. ಬೆಲೆ ಏನೂ ದೊಡ್ಡದಲ್ಲ, ಪಾರ್ಟ್ ಬರೋಕೆ ಕಾಯೋದೇ ದೊಡ್ಡ ತಲೆನೋವು. ಒಂದು ಹುಷಾರಿ ಹೇಳ್ತೀನಿ, ಸ್ಪ್ರಿಂಗ್ ಗಟ್ಟಿ ಇದ್ದಷ್ಟೂ ಒಳ್ಳೇದು ಅಂತಲ್ಲ. ನಮ್ಮಲ್ಲೊಬ್ಬ ಕಾಯಿಲ್ ಸ್ಪ್ರಿಂಗ್ ಇರೋ ರೈಫಲ್‌ಗೆ ಬಾಲ್ ಪೆನ್ ಸ್ಪ್ರಿಂಗ್ ಕತ್ತರಿಸಿ ಹಾಕಿದ್ದ, ಎಂಪ್ಟಿ ಚೆನ್ನಾಗೇ ಹಾರ್ತಿತ್ತು, ಆದ್ರೆ ಬೋಲ್ಟ್ ಮುಚ್ಚೋವಾಗ ಕೊಕ್ಕೆ ರಿಮ್ ಮೇಲೆ ಹತ್ತೋಕೆ ಒದ್ದಾಡಿ ಪ್ರತೀ ಸಲ ರೈಫಲ್ ಕದಲ್ತಿತ್ತು. 50 ಮೀಟರ್ ಟಾರ್ಗೆಟ್‌ನಲ್ಲಿ ನಡುವಿನ 10ರ ರಿಂಗ್ ಇರೋದು 10.4 ಮಿಲಿಮೀಟರ್, ಅಲ್ಲಿ ಇಂಥಾ ಕದಲಾಟ ಇಟ್ಕೊಂಡು ಪೊಸಿಷನ್ (ಹೊಡೆಯೋ ಭಂಗಿ) ಹೇಗ್ ಕೂರತ್ತೆ ಹೇಳಿ.

ಅಮ್ಮೋ ಬದಲಾಯ್ಸೋದು ಎಲ್ರಿಗೂ ಇಷ್ಟ ಆಗೋ ಪರಿಹಾರ, ಯಾಕಂದ್ರೆ ಕೈ ಕೊಳೆ ಆಗಲ್ಲ. ಇದನ್ನ ನಾನು ಕ್ಲೀನಿಂಗ್ ಆಗಿ ಸ್ಪ್ರಿಂಗ್ ಬರೋವರ್ಗೂ ಕಾಯೋ ಗ್ಯಾಪಲ್ಲಿ ನೋಡಿದ್ದು. ಅಮ್ಮೋ ಬ್ರ್ಯಾಂಡ್‌ಗಳಲ್ಲಿ ಏಲಿ ಮೇಲಿನ ಮೇಣ ಸ್ವಲ್ಪ ಒಣ, ಎಸ್‌ಕೆ ಲಪುವಾದ್ದು ಜಿಡ್ಡು ಜಿಡ್ಡು, ಮುಟ್ಟಿದ್ರೇ ಗೊತ್ತಾಗತ್ತೆ. ಬೇರೆ ಬ್ರ್ಯಾಂಡ್‌ಗೆ ಹೋದಾಗ ಮೊದ್ಲ ಬಾಕ್ಸ್‌ನಲ್ಲಿ ಎಂಪ್ಟಿ ಚೆನ್ನಾಗಿ ಬಂತು, ಸಿಕ್ತು ಉತ್ತರ ಅಂತ ಅನ್ನಿಸತ್ತೆ, ಬಾಕ್ಸ್ ಮೇಲೆ ಬಾಕ್ಸ್ ಮುಗೀತಾ ಹಳೇ ಕಥೆ ವಾಪಸ್. ರಿಮ್ ಒಂದು ಕೂದಲೆಳೆ ದಪ್ಪ ಇದ್ರೆ ಸಡಿಲ ಕೊಕ್ಕೆಗೂ ಹಿಡಿತ ಸಿಗತ್ತೆ ಅಷ್ಟೇ, ರೋಗ ವಾಸಿ ಆಗಿರಲ್ಲ. ಮೇಲಿಂದ ಮೇಣ ಬದಲಾದಾಗ ಬ್ಯಾರಲ್ ಹೊಸದಕ್ಕೆ ಹೊಂದ್ಕೊಳ್ಳೋವರ್ಗೂ ಗ್ರೂಪ್ (ಟಾರ್ಗೆಟ್ ಮೇಲೆ ಬೀಳೋ ತೂತುಗಳ ಗುಂಪು) ಚೆದರತ್ತೆ, ಇಂಪೋರ್ಟೆಡ್ ರೌಂಡನ್ನ ಅದಕ್ಕೆ ಸುಡೋದು ಹೊಟ್ಟೆ ಉರಿಯೋ ಕೆಲ್ಸ. ಚಳಿಗೆ ಮೇಣ ಗಟ್ಟಿಯಾಗಿ ಹೀಗಾಗತ್ತೆ ಅಂತಾನೂ ಕೆಲವ್ರು ಹೇಳ್ತಾರೆ, ಇರ್ಬಹುದು, ಆದ್ರೆ ನಮ್ಮ ಬೆಂಗ್ಳೂರಿನ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಗೆಲ್ಲಾ ದೂರು ಹಾಕೋದು ಜಾಸ್ತಿ ಆಯ್ತು, ಯುರೋಪ್‌ನವ್ರು ಅದಕ್ಕಿಂತ ಎಷ್ಟೋ ತಣ್ಣಗಿರೋ ರೇಂಜಲ್ಲಿ ಹೊಡೀತಾರೆ. ಗ್ರೂಪ್ ಚಿಕ್ಕದು ಮಾಡೋಕೆ ಅಮ್ಮೋ ಟೆಸ್ಟ್ ಮಾಡಿ, ಎಂಪ್ಟಿ ಆಚೆ ಹಾಕೋಕೆ ಅಲ್ಲ.

ಅಂಕಲ್ ಮಾತಿಗೂ ಅರ್ಧ ಮಾರ್ಕ್ಸ್ ಕೊಡ್ಬೇಕು. ಇಜೆಕ್ಟರ್ ಒಂದೇ ಕಡೆ ಫಿಕ್ಸ್ ಆಗಿರೋ ಮಾಡೆಲ್ ಆದ್ರೆ ಕೇಸ್ ಎಷ್ಟು ದೂರ ಹಾರತ್ತೆ ಅನ್ನೋದು ಬೋಲ್ಟ್ ಎಳೆಯೋ ಸ್ಪೀಡ್ ಮೇಲೇ ಇರೋದು, ಮೆಲ್ಲಗೆ ಎಳೆದ್ರೆ ಒಳ್ಳೇ ರೈಫಲ್ಲೂ ಎಂಪ್ಟಿನ ಟ್ರೇ ಮೇಲೇ ಇಡತ್ತೆ. ಆದ್ರೆ ಪ್ರೋನ್‌ನಲ್ಲಿ (ಮಲಗಿ ಹೊಡೆಯೋ ಸ್ಪರ್ಧೆಯಲ್ಲಿ) 50 ನಿಮಿಷಕ್ಕೆ 60 ಶಾಟ್, ಪ್ರತೀ ಸಲ ಝಾಡ್ಸಿ ಎಳೆದ್ರೆ ಎಡ ಮೊಣಕೈ ಜಾಗ ಬಿಡತ್ತೆ. ಚೇಂಬರ್‌ನಲ್ಲೇ ಕಚ್ಕೊಂಡಿರೋದಕ್ಕಂತೂ ಜೋರಾಗಿ ಎಳೆಯೋದು ಅಂದ್ರೆ ಮೊಂಡು ಕೊಕ್ಕೆನ ಇನ್ನೂ ಮೊಂಡು ಮಾಡೋದು.

ಬ್ರಷ್ಷು ಸ್ಪ್ರಿಂಗು ಎರಡಕ್ಕೂ ಬಗ್ಗದೇ ಇರೋ ಕೇಸೂ ಇದೆ. ಕ್ಲಬ್ ರೈಫಲ್ ಒಂದ್ರಲ್ಲಿ ಹಾಗಾಯ್ತು, ಎಂಪ್ಟಿ ಮೈಮೇಲೆ ರಿಮ್ ಹತ್ರದಿಂದ ಉದ್ದಕ್ಕೆ ಒಂದೇ ಜಾಗದಲ್ಲಿ ಗೀರು. ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ (ಮೂರು ಭಂಗಿಯ ಸ್ಪರ್ಧೆ) ಕಂಚು ತಂದ್ಮೇಲೆ ಟೂಟೂ ಕೇಳ್ಕೊಂಡು ಬರೋ ಹುಡುಗ್ರು ಜಾಸ್ತಿ ಆಗಿದಾರೆ, ಖುಷಿ, ಆದ್ರೆ ಏರ್ ರೈಫಲ್‌ನಲ್ಲಿ ಡ್ರೈ ಫೈರ್ ಮಾಡಿ ಅಭ್ಯಾಸ ಇರೋ ಕೈ ಇಲ್ಲೂ ಖಾಲಿ ಚೇಂಬರ್ ಮೇಲೆ ಟ್ರಿಗರ್ ಒತ್ತತ್ತೆ. ರಿಮ್ ಅಲ್ಲಿ ಇಲ್ದೇ ಇದ್ರೆ ಕೆಲವು ರೈಫಲ್‌ನಲ್ಲಿ ಫೈರಿಂಗ್ ಪಿನ್ (ರಿಮ್‌ಗೆ ಬಡಿದು ಗುಂಡು ಹೊಡೆಸೋ ಕಡ್ಡಿ) ನೇರ ಚೇಂಬರ್ ಅಂಚಿಗೇ ಹೊಡೆಯತ್ತೆ, ಅಲ್ಲಿ ಲೋಹ ಒಳಕ್ಕೆ ಉಬ್ಬತ್ತೆ, ಅದೇ ಕೇಸನ್ನ ಹಿಡ್ಕೊಳ್ಳೋದು. ಅದನ್ನ ಆರ್ಮರರ್ ಚೇಂಬರ್ ಐರನ್ ಅನ್ನೋ ಉಪಕರಣ ಹಾಕಿ ಒತ್ತಿ ಸಮ ಮಾಡ್ತಾರೆ, ಲೋಹ ಕೆರೆದು ತೆಗೆಯಲ್ಲ. ಡ್ರೆಮೆಲ್ (ಕೈಯಲ್ಲಿ ಹಿಡಿಯೋ ಸಣ್ಣ ಗ್ರೈಂಡರ್) ಇದೆ ಮನೇಲಿ ಅನ್ನೋರು ದಯವಿಟ್ಟು ಅದನ್ನ ಮನೇಲೇ ಇಟ್ಕೊಳ್ಳಿ.

ಕೊನೇದು, ಇಜೆಕ್ಟರ್ರನ್ನೇ ತೆಗ್ದು ಬಿಡೋದು. ಕೇಳೋಕೆ ತಮಾಷೆ, ಆದ್ರೆ ಬೆಂಚ್‌ರೆಸ್ಟ್ (ರೈಫಲ್‌ನ ಬೆಂಚ್ ಮೇಲೆ ಆನಿಸಿ ಕೂತು) ಹೊಡೆಯೋರಲ್ಲಿ ಎಷ್ಟೋ ಜನ ಬೇಕಂತಲೇ ಹಾಗೆ ಮಾಡ್ತಾರೆ, ಎಂಪ್ಟಿ ಬೋಲ್ಟ್ ಮುಖದಲ್ಲೇ ಕೂತಿರತ್ತೆ, ಬೆರಳಲ್ಲಿ ಎತ್ತಿ ಪಕ್ಕಕ್ಕೆ ಹಾಕಿದ್ರಾಯ್ತು, ಸ್ಕೋಪ್‌ಗೆ ಬಡಿದು ವಾಪಸ್ ಬರೋ ರಗಳೆ ಇಲ್ಲ. ಕೊಕ್ಕೆ ಗಟ್ಟಿ ಇದ್ರೆ ಮಾತ್ರ ಇದು ನಡೆಯೋದು ಅನ್ನೋದು ಬೇರೆ ಮಾತು. ನನ್ನ ಬಲಗೈ ಬೆರಳು ಪ್ರೋನ್‌ನಲ್ಲಿ ಅಷ್ಟು ದೂರ ಆರಾಮಾಗಿ ಹೋಗಲ್ಲ, ಗ್ಲೌಸ್ ಹಾಕಿರೋ ಎಡಗೈ ಕದಲ್ಸೋ ಹಾಗಿಲ್ಲ, ಹಾಗಾಗಿ ತೆಗೆಸಿದ್ದ ಇಜೆಕ್ಟರ್‌ನ ವಾಪಸ್ ಹಾಕಿಸ್ಕೊಂಡೆ. ಬೆಂಚಲ್ಲಿ ಕೂತು ಹೊಡೆಯೋರು ಒಮ್ಮೆ ಆರ್ಮರರ್ ಹತ್ರ ಕೇಳಿ ನೋಡಿ.