ಬಿಡದ ಒಣಕೆಮ್ಮು: ಕಷಾಯ, ಸಿರಪ್, ಇನ್ಹೇಲರ್ ಮೂರನ್ನೂ ಬಳಸಿ ನೋಡಿದೆ

ನೆಗಡಿ ನಾಲ್ಕೇ ದಿನಕ್ಕೆ ಹೋಯಿತು, ಕೆಮ್ಮು ಮಾತ್ರ ಉಳಿಯಿತು. ಕಫ ಇಲ್ಲ, ಜ್ವರ ಇಲ್ಲ. ರಾತ್ರಿ ಎರಡು ಗಂಟೆ ಆಯಿತೆಂದರೆ ಶುರು. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಒಂದು ಪದ್ಯ ಗಟ್ಟಿಯಾಗಿ ಓದಿದರೂ ಕೆಮ್ಮು, ಮಕ್ಕಳ ಜೊತೆ ಜೋರಾಗಿ ನಕ್ಕರೂ ಕೆಮ್ಮು.

ಮೊದಲು ಅತ್ತೆಯ ಕಷಾಯ. ಶುಂಠಿ, ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಬೆಲ್ಲ. ಒಮ್ಮೊಮ್ಮೆ ದೊಡ್ಡಪತ್ರೆ ಎಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕೊಡುತ್ತಿದ್ದರು. ಕುಡಿದ ಕೂಡಲೇ ಗಂಟಲಿಗೆ ಹಿತ. ಆದರೆ ಅದು ಒಂದು ಗಂಟೆಯ ಮಾತು. ಇದರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಜೇನು ಅಂತ ನನಗನ್ನಿಸಿತು. ಮಲಗುವ ಮುಂಚೆ ಬರೀ ಒಂದು ಚಮಚ ಜೇನು ತಿಂದ ದಿನವೂ ಅಷ್ಟೇ ಆರಾಮ ಸಿಕ್ಕಿತು. (ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಬೇಡವೇ ಬೇಡ.) ಮೆಣಸು ಜಾಸ್ತಿ ಆದಾಗ ನನಗೆ ಎದೆಯುರಿ ಬರುತ್ತಿತ್ತು. ಹೊಟ್ಟೆಯ ಹುಳಿ ಮೇಲೆ ಬಂದರೆ ಅದರಿಂದಲೂ ಕೆಮ್ಮು ಬರುತ್ತದೆ, ಹಾಗಾಗಿ ಮೆಣಸು ಕಡಿಮೆ ಮಾಡಿಸಿದೆ.

ಹಬೆ ತೆಗೆದುಕೊಂಡಾಗ ಮೂಗು ಬಿಟ್ಟಿತು, ಕೆಮ್ಮು ಬಿಡಲಿಲ್ಲ.

ಆಮೇಲೆ ಔಷಧಿ ಅಂಗಡಿಯ ಸಿರಪ್. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸುಮ್ನೆ 'ಕೆಮ್ಮಿಗೆ ಒಂದು ಸಿರಪ್ ಕೊಡಿ' ಅಂದೆ. ಮೊದಲು ಕೊಟ್ಟದ್ದು ಆಂಬ್ರಾಕ್ಸಾಲ್ ಇದ್ದದ್ದು. ಅದು ಗಟ್ಟಿ ಕಫ ಸಡಿಲ ಮಾಡುವ ಔಷಧಿ. ನನಗೆ ಕಫವೇ ಇರಲಿಲ್ಲವಲ್ಲ! ಎರಡನೆಯದರಲ್ಲಿ ಕೆಮ್ಮು ತಡೆಯುವ ಡೆಕ್ಸ್ಟ್ರೋಮೆಥಾರ್ಫಾನ್ ಮತ್ತು ನಿದ್ದೆ ಬರಿಸುವ ಅಲರ್ಜಿ ಔಷಧಿ ಕ್ಲೋರ್‌ಫೆನಿರಮೈನ್ ಇತ್ತು. ರಾತ್ರಿ ನಿದ್ದೆ ಬಂತು ನಿಜ, ಆದರೆ ಬೆಳಿಗ್ಗೆ ತಲೆ ಭಾರ, ಬಾಯಿ ಒಣ. ಮೊದಲ ಪೀರಿಯಡ್ ಮುಗಿಸುವುದೇ ಕಷ್ಟವಾಯಿತು. ಬಾಟಲಿ ಮುಗಿದ ಮರುದಿನ ಕೆಮ್ಮು ಮತ್ತೆ ಹಾಜರ್. ಜೊತೆಗೆ ಮೂರು ದಿನದ ಆಂಟಿಬಯೋಟಿಕ್ ಕೂಡ ಚೀಟಿ ಇಲ್ಲದೆ ಕೊಟ್ಟರು, ನಾನೂ ನುಂಗಿದೆ. ವೈರಸ್‌ನಿಂದ ಬಂದ ನೆಗಡಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ ಅಂತ ಆಗ ಯೋಚಿಸಲೇ ಇಲ್ಲ.

ಆರನೇ ವಾರ ಡಾಕ್ಟರ್ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆ, 'ಬಿಪಿ ಮಾತ್ರೆ ತಗೋತೀರಾ?' ರಾಮಿಪ್ರಿಲ್, ಎನಾಲಾಪ್ರಿಲ್ ತರಹದ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದಂತೆ. ನಾನು ತಗೊಳ್ಳುತ್ತಿರಲಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಪರೀಕ್ಷೆ ಆಗಲೇಬೇಕು ಅಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಅದೂ, ಎದೆಯ ಎಕ್ಸ್‌ರೇಯೂ ಸರಿಯಾಗಿದ್ದವು. ಕೊನೆಗೆ ಕೊಳವೆಯೊಳಗೆ ಜೋರಾಗಿ ಊದಿಸಿದರು. ಔಷಧಿ ಎಳೆದುಕೊಂಡ ಮೇಲೆ ಮತ್ತೆ ಊದಿಸಿದರು. ಎರಡನೇ ಸಲ ಉಸಿರು ಚೆನ್ನಾಗಿ ಬಂತು. ಗೊರಗೊರ ಇಲ್ಲದೆ ಬರೀ ಕೆಮ್ಮಾಗಿ ಕಾಣಿಸುವ ಆಸ್ತಮಾ ಇದು ಅಂದರು.

ಇನ್ಹೇಲರ್ ಎಂದ ಕೂಡಲೇ ಅತ್ತೆಗೆ ಗಾಬರಿ. 'ಅದನ್ನ ಒಂದ್ಸಲ ಹಿಡಿದ್ರೆ ಬಿಡೋಕಾಗಲ್ಲ ಕಣಮ್ಮ' ಅಂದರು. ಈ ಭಯ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ ಅಲ್ವಾ? ಅದು ಚಟ ಹಿಡಿಸುವ ಔಷಧಿ ಅಲ್ಲ. ನನಗೆ ಕೊಟ್ಟದ್ದು ಬುಡೆಸೊನೈಡ್, ಶ್ವಾಸನಾಳದ ಊತ ಇಳಿಸುವ ಸ್ಟೀರಾಯ್ಡ್. ಅದರ ಲೆಕ್ಕ ಮೈಕ್ರೋಗ್ರಾಂನಲ್ಲಿ, ಅಂದರೆ ಮಿಲಿಗ್ರಾಂನ 1000ದಲ್ಲಿ ಒಂದು ಭಾಗ. ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಅಷ್ಟೇ ಸಾಕಾಗುತ್ತದೆ.

ಆದರೆ ಇದು ಸಿರಪ್‌ನಂತೆ ಅದೇ ರಾತ್ರಿ ಫಲ ಕೊಡಲಿಲ್ಲ. ನಾಲ್ಕು ದಿನ ಏನೂ ಬದಲಾಗಲಿಲ್ಲ. ನಿಲ್ಲಿಸಿಬಿಡೋಣ ಅನ್ನಿಸಿತು. ನೋಡಿದರೆ ನಾನು ಎಳೆದುಕೊಳ್ಳುವ ರೀತಿಯೇ ತಪ್ಪಾಗಿತ್ತು. ಉಸಿರು ಎಳೆದಾದ ಮೇಲೆ ಒತ್ತುತ್ತಿದ್ದೆ, ಔಷಧಿ ಎಲ್ಲಾ ನಾಲಿಗೆ ಮೇಲೆ. ಡಾಕ್ಟರ್ ಸ್ಪೇಸರ್ (ಇನ್ಹೇಲರ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಡಬ್ಬಿಯಂಥ ಕೊಳವೆ) ಕೊಟ್ಟು, ಎದುರಿಗೇ ಮಾಡಿಸಿ ತೋರಿಸಿದರು. ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯೊಳಗೆ ಬಿಳಿ ಹುಣ್ಣಾಗಬಹುದು. ಒಂಬತ್ತನೇ ರಾತ್ರಿ ಬೆಳಗಿನವರೆಗೆ ಮಲಗಿದೆ. ಎದ್ದಾಗ ಕಣ್ಣಲ್ಲಿ ನೀರು ಬಂತು.

ನೆಗಡಿಯ ಮೊದಲ ವಾರವಾದರೆ ಈಗಲೂ ನನ್ನ ಆಯ್ಕೆ ಜೇನು, ಕಷಾಯವೇ. ಸಿರಪ್ಪನ್ನು ಕೇಳದೆ ಮತ್ತೆ ಕೊಳ್ಳುವುದಿಲ್ಲ. ನನ್ನಂತೆ ರಾತ್ರಿ ಒಣಕೆಮ್ಮು ವಾರಗಟ್ಟಲೆ ಎಳೆದರೆ ಊದುವ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ರಕ್ತ ಬಂದರೆ, ತೂಕ ಇಳಿದರೆ, ಸಂಜೆ ಜ್ವರ ಕಾಯ್ದರೆ, ಏದುಸಿರು ಬಂದರೆ ಒಂದು ದಿನವೂ ಕಾಯಬೇಡಿ.

ಮುಂದಿನ ತಿಂಗಳು ಮತ್ತೆ ಊದಿಸಿ ನೋಡಿ ಡೋಸ್ ಇಳಿಸೋಣ ಅಂದಿದ್ದಾರೆ. ಅಲ್ಲಿಯವರೆಗೆ ನಾನಾಗಿ ನಿಲ್ಲಿಸುವುದಿಲ್ಲ.