ಆಟದ ಅಂಗಳಕ್ಕೆ ಯಾವುದು ಒಳ್ಳೆಯದು: ರೆಡಿಮೇಡ್ ಸೆಟ್ಟೋ, ಮಣ್ಣಿನ ದಿಬ್ಬವೋ?

ಶಾಲೆಗೆ ಯಾರೋ ದಾನಿಗಳು ಸ್ವಲ್ಪ ದುಡ್ಡು ಕೊಟ್ಟರು ಅಂದರೆ ಮೊದಲು ಬರುವ ಪ್ರಶ್ನೆ ಒಂದೇ: ಆಟಕ್ಕೆ ಯಾವ ಸೆಟ್ ತರಿಸೋಣ? ತುಮಕೂರು ಜಿಲ್ಲೆಯ ಗುಬ್ಬಿ, ತುರುವೇಕೆರೆ, ತಿಪಟೂರು ಕಡೆಯ ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ನಮ್ಮ ಗೆಳೆಯರ ಗುಂಪು ಬೇರೆ ಬೇರೆ ಥರದ ಆಟದ ಜಾಗ ಮಾಡಿ ನೋಡಿದೆ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು), ಮೇಷ್ಟ್ರು, ಅಂಗನವಾಡಿ ಟೀಚರ್, ಊರಿನ ವೆಲ್ಡಿಂಗ್ ಅಂಗಡಿಯವರು ಎಲ್ಲರೂ ಕೈ ಹಾಕಿದ ಕೆಲಸ ಇದು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಮೊದಲು ನೆಲಕ್ಕೆ ಹೋಗಬೇಕು, ಆಮೇಲೆ ನೆರಳಿಗೆ. ಮಿಕ್ಕಿದರೆ ಸೆಟ್.

ಜಾರುಬಂಡೆಯಿಂದಲೇ ಶುರು ಮಾಡೋಣ. ಕಬ್ಬಿಣದ್ದು ಗಟ್ಟಿ. ಊರಲ್ಲೇ ಮಾಡಿಸಬಹುದು, ಕಿತ್ತುಹೋದರೆ ಊರಲ್ಲೇ ವೆಲ್ಡ್ ಮಾಡಿಸಬಹುದು. ಆದರೆ ಮಾರ್ಚ್ ಬಂತೆಂದರೆ ಹನ್ನೊಂದು ಗಂಟೆಗೆಲ್ಲ ಕಾದ ಹಂಚಿನ ಹಾಗೆ ಆಗುತ್ತದೆ. ಚಡ್ಡಿ, ಲಂಗ ಹಾಕಿದ ಮಕ್ಕಳ ತೊಡೆ ಸುಡುತ್ತದೆ. ಫೈಬರ್ ಸೆಟ್ ನೋಡಲು ಚೆಂದ, ಮಕ್ಕಳಿಗೂ ಬಣ್ಣ ಇಷ್ಟ. ಅದು ಕಬ್ಬಿಣದಷ್ಟು ಕಾಯುವುದಿಲ್ಲ, ಆದರೂ ನೇರ ಬಿಸಿಲಿನಲ್ಲಿ ಕಾದೇ ಕಾಯುತ್ತದೆ. ಬಿಸಿಲಿಗೆ ಬಣ್ಣ ಮಾಸಿ ಬಿರುಕು ಬಿಟ್ಟ ಮೇಲೆ ಅದರ ಸಣ್ಣ ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ರಿಪೇರಿಗೆ ನಮ್ಮೂರಿನ ವೆಲ್ಡರ್ ಆಗುವುದಿಲ್ಲ. ಮಾರಿದವರು ಇಷ್ಟು ದೂರ ಬರುವುದಿಲ್ಲ.

ಜಾರುಬಂಡೆಯನ್ನು ಉತ್ತರಕ್ಕೆ ಮುಖ ಮಾಡಿ ಹಾಕಿ, ಬಿಸಿಲು ಬೀಳುವುದಿಲ್ಲ ಅಂತ ಪಶ್ಚಿಮ ದೇಶಗಳಲ್ಲಿ ಸಲಹೆ ಕೊಡುತ್ತಾರೆ. ಅಲ್ಲಿಗೆ ಅದು ಸರಿ. ತುಮಕೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡು ಹಗಲಿನಲ್ಲಿ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ನಮ್ಮಲ್ಲಿ ದಿಕ್ಕು ಬದಲಾಯಿಸಿ ಪ್ರಯೋಜನವಿಲ್ಲ, ಮೇಲೆ ನೆರಳೇ ಬೇಕು. ಶಾಲೆಗೆ ಬೇಸಿಗೆ ರಜೆ ಇರುತ್ತದೆ, ಅಂಗನವಾಡಿ ಮಕ್ಕಳು ಬಿಸಿಲಿನ ದಿನಗಳಲ್ಲೂ ಬರುತ್ತಿರುತ್ತಾರೆ ಅಲ್ವಾ?

ಇದಕ್ಕೆ ಎದುರಾಗಿ ನಾವು ಮಾಡಿದ್ದು ಮಣ್ಣಿನ ದಿಬ್ಬ. ಟ್ರ್ಯಾಕ್ಟರ್‌ನಲ್ಲಿ ಕೆಂಪು ಮಣ್ಣು ತರಿಸಿ, ದೊಡ್ಡವರ ಎದೆಮಟ್ಟಕ್ಕಿಂತ ಕಮ್ಮಿ ಎತ್ತರಕ್ಕೆ ಪೇರಿಸಿ, ನೀರು ಹಾಕಿ ದಮ್ಮಸ್ಸು ಮಾಡಿದೆವು. ಒಂದು ಕಡೆ ಚಪ್ಪಡಿ ಕಲ್ಲಿನ ಮೆಟ್ಟಿಲು, ಇನ್ನೊಂದು ಕಡೆ ಇಳಿಜಾರಿಗೇ ಅಂಟಿಕೊಂಡಂತೆ ಜಾರುಬಂಡೆ. ಏಣಿ ಇಲ್ಲ, ಕಂಬ ಇಲ್ಲ. ಜಾರುವಾಗ ಮಗು ಪಕ್ಕಕ್ಕೆ ಬಿದ್ದರೂ ಬೀಳುವುದು ಇಳಿಜಾರಿನ ಮಣ್ಣಿಗೆ, ಎರಡು ಉರುಳು ಉರುಳಿ ಏಳುತ್ತದೆ. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಸೆಟ್‌ನಲ್ಲಿ ಒಬ್ಬರು ಜಾರುವಾಗ ಉಳಿದವರು ಸಾಲಿನಲ್ಲಿ ನಿಂತಿರುತ್ತಾರೆ, ಜೋರಿನವರಿಗೆ ಎರಡು ಸಲ, ಮೆತ್ತಗಿರುವವರಿಗೆ ಒಂದೂ ಇಲ್ಲ. ದಿಬ್ಬದಲ್ಲಿ ಸಾಲೇ ಇಲ್ಲ. ಒಬ್ಬಳು ಹತ್ತುತ್ತಾಳೆ, ಒಬ್ಬ ಉರುಳುತ್ತಾನೆ, ಮೂರು ವರ್ಷದ ಕೂಸು ಬುಡದಲ್ಲೇ ಮಣ್ಣು ಕೆದಕುತ್ತಾ ಕೂತಿರುತ್ತದೆ.

ದಿಬ್ಬಕ್ಕೂ ಕಾಟ ಇದೆ. ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಇಳಿಜಾರು ಕಡಿದಾದಷ್ಟೂ ಜಾಸ್ತಿ. ಎತ್ತರ ಒಂದು ಅಡಿಗೆ ಉದ್ದ ಮೂರು ಅಡಿಯಾದರೂ ಬಿಡಿ. ಮುಂಗಾರು ಶುರುವಾಗುವಾಗ ಗರಿಕೆ ನೆಟ್ಟರೆ ಬೇರು ಹಿಡಿಯುತ್ತದೆ. ಬೇಸಿಗೆಯಲ್ಲಿ ನೆಟ್ಟು ಬೋರ್‌ವೆಲ್ ನೀರು ಹಾಯಿಸುವುದು ನಮ್ಮ ಜಿಲ್ಲೆಗೆ ಹೇಳಿದ ಕೆಲಸವಲ್ಲ.

ಇನ್ನು ನೆಲ. ಮಕ್ಕಳಿಗೆ ಪೆಟ್ಟಾಗುವುದು ಬಹುಪಾಲು ಬಿದ್ದಾಗ, ಆದರೆ ನೆಲದ ಬಗ್ಗೆ ಕೇಳುವವರೇ ಕಮ್ಮಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮಾರ್ಗಸೂಚಿ ಪ್ರಕಾರ 9 ಇಂಚು ಮರಳು ಇದ್ದರೆ 4 ಅಡಿ ಎತ್ತರದಿಂದ ಬಿದ್ದವರಿಗೆ ರಕ್ಷಣೆ. ಗಟ್ಟಿ ಮಣ್ಣು, ಹುಲ್ಲು ಇವನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಿಮೆಂಟ್ ನೆಲದ ಮೇಲೆ ಉಯ್ಯಾಲೆ ನಿಲ್ಲಿಸಿರುವ ಶಾಲೆ ಕಂಡರೆ ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ.

ರಬ್ಬರ್ ಟೈಲ್ಸ್ ಹಾಕಿದ ಕಡೆ ಗುಡಿಸುವುದು ಸುಲಭ. ಆದರೆ ಬೆಲೆ ಜಾಸ್ತಿ, ಕೆಳಗೆ ಕಾಂಕ್ರೀಟ್ ಬೇಕು, ಬಿಸಿಲಿಗೆ ಬರಿಗಾಲಿನ ಮಕ್ಕಳು ನಿಲ್ಲಲಾರರು. ತೆಳು ಟೈಲ್ಸ್ ಓಡಾಡಲು ಸಾಕು, ಎತ್ತರದಿಂದ ಬೀಳುವ ಕಡೆ ಸಾಲದು. ಎಷ್ಟು ಅಡಿಯಿಂದ ಬಿದ್ದರೆ ತಡೆಯುತ್ತದೆ ಅಂತ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಸುಲಭವಾಗಿ ಸಿಗುತ್ತದೆ, ಆದರೆ ಆಟಕ್ಕೆ ಬೇಡವೇ ಬೇಡ. ಕಾಳು ಚೂಪು, ಪುಡಿ ಜಾಸ್ತಿ. ಒಂದು ಮಳೆ ಬಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಹೊಳೆ ಮರಳಿನ ಕಾಳು ದುಂಡಗೆ, ಬಿದ್ದರೆ ಜರುಗುತ್ತದೆ. ಬೆಲೆ ತುಟ್ಟಿ, ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ತೆಂಗಿನ ನಾಡಲ್ಲಿದ್ದೇವೆ ಅಂತ ನಾರಿನ ಫ್ಯಾಕ್ಟರಿಯಿಂದ ನಾರಿನ ಪುಡಿ ತಂದೂ ಹಾಸಿದೆವು. ಒಣಗಿದಾಗ ಮೆತ್ತಗೆ ಹಿತವಾಗಿತ್ತು. ಗಾಳಿ ಬೀಸಿದರೆ ಕಣ್ಣು, ಮೂಗಿಗೆಲ್ಲ ಧೂಳು. ಮಳೆ ಬಂದರೆ ನೀರು ಹೀರಿಕೊಂಡು ದಿನಗಟ್ಟಲೆ ಒದ್ದೆ. ಅದನ್ನು ಗಿಡದ ಪಾತಿಗೆ ಸುರಿದು ಮರಳಿಗೇ ಬಂದೆವು. ಮರಳಿಗೂ ಉಪಚಾರ ಬೇಕು. ಸಂಜೆ ಟಾರ್ಪಾಲ್ ಮುಚ್ಚದಿದ್ದರೆ ಬೆಕ್ಕು, ನಾಯಿ ಗಲೀಜು ಮಾಡುತ್ತವೆ. ವಾರಕ್ಕೊಮ್ಮೆ ಗುದ್ದಲಿಯಲ್ಲಿ ಕೆದಕಬೇಕು. ಈ ಕೆಲಸ ಯಾರದು ಅಂತ ಮರಳು ತರಿಸುವ ಮೊದಲೇ ಗೊತ್ತು ಮಾಡಿಕೊಳ್ಳಿ.

ನೆರಳಿಗೆ ತಗಡಿನ ಶೀಟು ಮಳೆಗೂ ಆಗುತ್ತದೆ, ಆದರೆ ತಗ್ಗಾಗಿ ಹಾಕಿದರೆ ಅಡಿಯಲ್ಲಿ ಸೆಕೆ. ಹಸಿರು ನೆಟ್ ತಕ್ಷಣದ ಉಪಾಯ, ಗಾಳಿಗೆ ಹರಿಯುತ್ತದೆ. ನನ್ನ ಮತ ಹೊಂಗೆಗೆ. ಎಲೆ ಉದುರಿಸಿದರೂ ಬೇಸಿಗೆ ಬಲಿಯುವ ಹೊತ್ತಿಗೆ ಮತ್ತೆ ಚಿಗುರಿ ದಟ್ಟವಾಗಿರುತ್ತದೆ. ಅದು ಬೆಳೆಯುವವರೆಗೆ ನೆಟ್ ಇರಲಿ. ತೆಂಗಿನ ಮರದಡಿ ಮಾತ್ರ ಆಟದ ಜಾಗ ಬೇಡ. ಕಾಯಿ, ಗರಿ ಯಾವಾಗ ಬೀಳುತ್ತದೋ ಹೇಳಲಾಗದು. ಬೇಲಿಯಲ್ಲಿ ಕಣಗಿಲೆ, ಹರಳು, ಗುಲಗಂಜಿ ಇದ್ದರೆ ಬುಡಸಮೇತ ತೆಗೆಸಿ. ಮೂರೂ ವಿಷ, ಗುಲಗಂಜಿ ಬೀಜವಂತೂ ಮಕ್ಕಳನ್ನು ಕರೆಯುವಷ್ಟು ಚೆಂದ.

ದುಡ್ಡೇ ಇಲ್ಲದಿದ್ದರೂ ಆಗುವಂಥದ್ದು ಬಿಡಿ ಸಾಮಾನು. ಒಂದು ಜಾಗದಲ್ಲಿ ಮಕ್ಕಳು ಎತ್ತಿ, ಜೋಡಿಸಿ, ಬದಲಾಯಿಸಬಹುದಾದ ವಸ್ತುಗಳು ಎಷ್ಟಿವೆಯೋ ಅಷ್ಟು ಅವರ ಕಲ್ಪನೆ ಓಡುತ್ತದೆ ಅಂತ ಬ್ರಿಟಿಷ್ ಕಲಾವಿದ ಸೈಮನ್ ನಿಕೊಲ್ಸನ್ 1971ರಲ್ಲೇ ವಾದಿಸಿದ್ದರು. ತೆಂಗಿನ ಚಿಪ್ಪು, ಹಳೇ ಪಾತ್ರೆ, ಮರದ ತುಂಡು, ಗೋಣಿಚೀಲ, ಅಡಿಕೆ ಹಾಳೆ ಇಷ್ಟಿಟ್ಟು ನೋಡಿ. ಹಾಳೆ ಮೇಲೆ ಒಬ್ಬರನ್ನು ಕೂರಿಸಿ ಎಳೆಯುವುದನ್ನು ಯಾರೂ ಕಲಿಸಬೇಕಿಲ್ಲ. ಸೆಟ್‌ನಲ್ಲಿ ಜಾರುವುದೊಂದೇ ಆಟ. ಚಿಪ್ಪು, ಮಣ್ಣು, ನೀರು ಸಿಕ್ಕರೆ ಬೆಳಗ್ಗೆ ಹೋಟೆಲ್, ಮಧ್ಯಾಹ್ನ ಸಂತೆ.

ಆಟಕ್ಕೆ ಹಳೇ ಟೈರ್ ಇಡುವುದಾದರೆ ಕೆಳಗೆ ತೂತು ಕೊರೆಯಲೇಬೇಕು, ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ತಂತಿ ಹೊರಬಂದಿದ್ದರೆ ಆ ಟೈರ್ ಬೇಡ. ಹಗ್ಗದ ಬಲೆ ಅಥವಾ ಕಂಬಿಯ ಸಂದು 9 ಸೆಂಟಿಮೀಟರ್‌ಗಿಂತ ಕಿರಿದಾಗಿರಲಿ, ಇಲ್ಲವೇ 23 ಸೆಂಟಿಮೀಟರ್‌ಗಿಂತ ಅಗಲವಾಗಿರಲಿ. ನಡುವಿನ ಅಳತೆಯಲ್ಲಿ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯ ಇದೆ.

ಕಬ್ಬಿಣ ಗೆಲ್ಲುವ ಜಾಗವೂ ಒಂದಿದೆ. ಐದನೇ ಕ್ಲಾಸ್ ದಾಟಿದ ಮಕ್ಕಳಿಗೆ ದಿಬ್ಬ ಬೇಗ ಬೇಜಾರಾಗುತ್ತದೆ. ಅವರಿಗೆ ನೇತಾಡಲು, ಜೀಕಲು ಕಂಬಿಗಳು ಬೇಕು. ಅದನ್ನು ಊರಿನ ವೆಲ್ಡರ್ ಹತ್ತಿರವೇ ಮಾಡಿಸಿ, ಚಿಕ್ಕವರ ಜಾಗದಿಂದ ದೂರ ಹಾಕಿಸಿ. ಕೆಳಗೆ ಮರಳು ತುಂಬಿಸಿ, ಸುತ್ತ ಎಲ್ಲ ಕಡೆ 6 ಅಡಿ ಖಾಲಿ ಬಿಡಿ.